ಇಳಿಸು ಎಂಬ ಸನ್ನೆ

ತನ್ನನ್ನು ಪಾಠದ ಬೆಂಚಿನ ಮೇಲೆ ಕೂರಿಸಿದ್ದನ್ನು ಚನ್ನಕೇಶವ ಮರೆಯಲಿಲ್ಲ. ಚಾರ್ಮಾಡಿ ಘಾಟಿಯಲ್ಲಿ ಉರುಳಿದ ಎಷ್ಟೋ ಲಾರಿಗಳನ್ನು ಮೇಲೆಳೆದವನು ಅವನು. ಆಲ್ದೂರಿನ ಲಿಂಗಪ್ಪಗೌಡರ ಕ್ರೇನು ಊರಿಗೆ ಬಂದ ದಿನದಿಂದ ಅದರ ಸೀಟಿನಲ್ಲಿ ಬೇರೆ ಯಾರೂ ಕೂತಿರಲಿಲ್ಲ. ಅಂಥವನನ್ನು ಬಾಳೂರಿನ ಎಸ್ಟೇಟಿನಲ್ಲಿ ಕಾಫಿ ಕೊಯ್ಯುವ ಹೆಂಗಸರ ಪಕ್ಕ ಕೂರಿಸಿ, ಬಾಲರಾಜ್ ಕೈಯನ್ನು ಒಂದು ಥರ ಎತ್ತಿ ತೋರಿಸಿ, “ಇದಕ್ಕೇನರ್ಥ, ಚನ್ನಕೇಶವಣ್ಣ?” ಎಂದು ಕೇಳಿದ್ದ. ಚನ್ನಕೇಶವ ತಪ್ಪು ಹೇಳಿದ್ದ. ಹೆಂಗಸರು ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಿದ್ದರು.

ಬಾಲರಾಜ್ ಮಂಗಳೂರಿನ ಬಂದರಿನಲ್ಲಿ ಕೆಲಸ ಕಲಿತು ಬಂದವನು. ಹಿಂದಿನ ಮಳೆಗಾಲದಲ್ಲಿ ತಂತಿಹಗ್ಗ ಹರಿದು ಕೂಲಿಯೊಬ್ಬನ ಕಾಲು ಹೋದ ಮೇಲೆ, ತರಬೇತಿ ಇಲ್ಲದವರ ಕ್ರೇನು ನಮ್ಮ ಗೇಟಿನೊಳಗೆ ಬೇಡ ಎಂದು ದೊಡ್ಡ ಎಸ್ಟೇಟಿನವರು ಹೇಳಿಬಿಟ್ಟರು. ಗೌಡರು ವಿಧಿಯಿಲ್ಲದೆ ಬಾಲರಾಜನನ್ನು ಕರೆಸಿದರು. ಕ್ರೇನಿನ ಹತ್ತಿರ ಓಡಾಡುವವರೆಲ್ಲ, ಎಸ್ಟೇಟಿನ ಹೆಂಗಸರೂ, ಪಾಠಕ್ಕೆ ಕೂರಲೇಬೇಕೆಂದು ಅವನ ಹಟ. ತೂಗುವ ಭಾರದ ಅಡಿ ನಿಲ್ಲಬಾರದು ಎಂದು ಮಗ್ಗಿಯ ಹಾಗೆ ಹೇಳಿಸುತ್ತಿದ್ದ. ತಲೆ ಮೇಲೆ ಬಂಡೆ ಬಂದರೆ ಸರಿಯಬೇಕು ಅನ್ನೋದನ್ನು ಕತ್ತೆಗೂ ಕಲಿಸಬೇಕಿಲ್ಲ ಎಂದು ಚನ್ನಕೇಶವ ಚಹಾದಂಗಡಿಯಲ್ಲಿ ಹೇಳಿದ. ಕೇಳಿದವರು ನಕ್ಕರು, ಮರುದಿನ ಬೆಳಿಗ್ಗೆ ಅವರೇ ಹೋಗಿ ಪಾಠಕ್ಕೆ ಕೂತರು. ಅವನು ಮಾತ್ರ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಜನವರಿಯಲ್ಲಿ ಗೌಡರು ಚನ್ನಕೇಶವನನ್ನು ಕರೆದು, ಈ ಎಸ್ಟೇಟಿನ ಕೆಲಸ ಮುಗಿದ ಮೇಲೆ ಅವನನ್ನು ಕ್ರೇನಿಗೆ ಹತ್ತಿಸಬಾರದೆಂದು ಬಾಲರಾಜ್ ಹೇಳಿರುವುದನ್ನು ತಿಳಿಸಿದರು. “ಪಾಠಕ್ಕೆ ಕೂತ್ಕೋ ಮಾರಾಯ. ಇಲ್ಲ ಅಂದ್ರೆ ಕೀಲಿ ಕೊಟ್ಟು, ಕೆಳಗೆ ನಿಂತು ಹಗ್ಗ ಕಟ್ಟು.”

ಚನ್ನಕೇಶವ ಆಗಲಿ ಎಂದ. ಗೌಡರ ಅಂಗಳ ದಾಟುವಷ್ಟರಲ್ಲಿ, ಕೆಳಗೆ ನಿಲ್ಲಬೇಕಾದವರು ಯಾರೆಂದು ತೀರ್ಮಾನಿಸಿದ್ದ.

ಉಪಾಯವನ್ನು ಬಾಲರಾಜನ ಪಾಠವೇ ಕೊಟ್ಟಿತು. ಆ ಒಂದು ದಿನ ಕಿವಿಗೆ ಬಿದ್ದಿದ್ದರಲ್ಲಿ ಚನ್ನಕೇಶವನಿಗೆ ಹಿಡಿಸಿದ ಮಾತು ಒಂದಿತ್ತು. ಸನ್ನೆ ಕೊಡುವವರು ಒಬ್ಬರೇ ಇರಬೇಕು, ಡ್ರೈವರ್ ಆದವನು ತನ್ನ ಬುದ್ಧಿ ಓಡಿಸದೆ ಅವರ ಕೈ ನೋಡಿ ನಡೆಯಬೇಕು. ಸರಿ, ಹಾಗೇ ನಡೆದೆ ಅಂದರಾಯಿತು. ಬಾ, ಇಳಿಸು ಅಂತ ಸನ್ನೆ ಮಾಡಿದರು, ಇಳಿಸಿದೆ, ಹಾಳು ಬ್ರೇಕು ಹಿಡಿಯಲಿಲ್ಲ. ಸನ್ನೆ ಕೊಟ್ಟವನು ಎದ್ದು ಬಂದು ಅಲ್ಲ ಅನ್ನುವುದಿಲ್ಲ. ಬ್ರೇಕಿಗೆ ಎಣ್ಣೆ ಸೋರುತ್ತದೆಂದು ಅವನು ಆಗಲೇ ಗೌಡರ ಹತ್ತಿರವೂ ಮೆಕ್ಯಾನಿಕ್ ಹತ್ತಿರವೂ ಗೊಣಗಿಟ್ಟ. ಆಮೇಲೆ ತಾನೇ ಬ್ರೇಕಿಗೆ ಒಂದಿಷ್ಟು ಎಣ್ಣೆ ಸವರಿದ. ಉಳಿದ ಕೂಲಿಗಳ ಬಗ್ಗೆ ಅವನಿಗೆ ಯೋಚನೆಯೇ ಇರಲಿಲ್ಲ. ಎಡ ಯಾವುದು ಬಲ ಯಾವುದು ಗೊತ್ತಿಲ್ಲದ ಮಂದಿ, ಪೊಲೀಸರ ಮುಂದೆ ಏನು ಹೇಳಿಯಾರು?

ಕಾಫಿ ಒಣಗಿಸುವ ಹೊಸ ಕಬ್ಬಿಣದ ಡ್ರಮ್ಮು ಲಾರಿಯಲ್ಲಿ ಬಂದಿತ್ತು. ಕಣದ ಪಕ್ಕದ ಸಿಮೆಂಟು ಕಟ್ಟೆಯ ಮೇಲೆ ಅದನ್ನು ಕೂರಿಸಬೇಕು. ಬಾಲರಾಜನ ಅಭ್ಯಾಸ ಚನ್ನಕೇಶವನಿಗೆ ಗೊತ್ತಿತ್ತು: ಭಾರವನ್ನು ದೂರದಲ್ಲೇ ನಿಲ್ಲಿಸಿ, ತಾನು ಹೋಗಿ ಕಟ್ಟೆಯ ಬೋಲ್ಟುಗಳ ಮೇಲೆ ಬಗ್ಗುವುದು. ಎಲ್ಲರಿಗೂ ಪಾಠ ಹೇಳುವವನು ಬಗ್ಗಿದಾಗ ಮೇಲೆ ನೋಡುವುದಿಲ್ಲ.

ಚನ್ನಕೇಶವ ಯಾರ ಕೈಯನ್ನೂ ನೋಡದೆ, ಯಾವಾಗಲೂ ಮಾಡುವಂತೆ ಕಣ್ಣಳತೆಯಲ್ಲೇ ಡ್ರಮ್ಮನ್ನು ಲಾರಿಯಿಂದ ಎತ್ತಿದ. ಕಟ್ಟೆಯಿಂದ ದೂರದಲ್ಲೇ ನಿಲ್ಲಿಸಿದ, ಒಳ್ಳೆಯ ಶಿಷ್ಯನ ಹಾಗೆ. ಬಾಲರಾಜ್ ಕಟ್ಟೆ ಹತ್ತಿದ, ಬಗ್ಗಿದ. ಚನ್ನಕೇಶವ ಕ್ರೇನಿನ ತೋಳನ್ನು ಮೆಲ್ಲಗೆ ತಿರುಗಿಸಿ, ನೆರಳು ಬಾಲರಾಜನ ಬೆನ್ನಿಗೆ ಬಂದಾಗ ಬ್ರೇಕಿನ ಮೇಲಿಂದ ಕಾಲು ತೆಗೆದ.

ಡ್ರಮ್ಮಿನಡಿಯಿಂದ ಬಾಲರಾಜನ ಹೆಣ ತೆಗೆದ ಮೇಲೆ ಚನ್ನಕೇಶವ ಅತ್ತ. ಅಳು ಅವನೆಣಿಸಿದ್ದಕ್ಕಿಂತ ಚೆನ್ನಾಗಿಯೇ ಬಂತು. ಮೂಡಿಗೆರೆಯಿಂದ ಬಂದ ಸಬ್‌ಇನ್‌ಸ್ಪೆಕ್ಟರು ನೀರು ಕುಡಿಸಿ, ನಿಧಾನವಾಗಿ ಹೇಳಪ್ಪಾ ಎಂದರು. ಎಲ್ಲರೂ ಸುತ್ತ ನಿಂತಿದ್ದರು. ಅಷ್ಟು ಜನ ತನ್ನ ಮಾತು ಕೇಳಲು ನಿಂತದ್ದು ಅವನಿಗೆ ಹಿತವಾಗಿಯೇ ಇತ್ತು. ಬಾಲರಾಜ್ ಅವ್ರು ಕಟ್ಟೆಯ ಮೇಲಿಂದ ಬಾ ಅಂತ ಕರೆದು, ಇಳಿಸು ಅಂತ ಕೈ ತೋರಿಸಿದರು, ಅವರು ಕಲಿಸಿದ ಹಾಗೆ ಸನ್ನೆಯನ್ನಷ್ಟೇ ನೋಡಿ ಇಳಿಸಿದೆ, ಬ್ರೇಕು ಹಿಡಿಯಲಿಲ್ಲ ಎಂದ. ಸಬ್‌ಇನ್‌ಸ್ಪೆಕ್ಟರು ಇನ್ನೊಮ್ಮೆ ಕೇಳಿದರು.

“ಅವರ ಕೈ ಬಿಟ್ಟು ಬೇರೆ ಏನನ್ನೂ ನೋಡ್ಲಿಲ್ಲ ಸಾರ್,” ಎಂದ ಚನ್ನಕೇಶವ. “ದೇವರಾಣೆ.”

ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಣದಲ್ಲಿ ಕಾಫಿ ಹರವುವ ಸಿದ್ದಮ್ಮ ಮುಂದೆ ಬಂದಳು. “ಬಾಲರಾಜಣ್ಣ ಇವತ್ತು ಸನ್ನೆ ಕೊಡ್ತಿರ್ಲಿಲ್ಲ ಸಾರ್. ನೀನು ಚೆನ್ನಾಗಿ ಕಲ್ತಿದ್ದೀಯ, ಇವತ್ತಿಂದ ನೀನೇ ಕೊಡು ಅಂತ ಬೆಳಿಗ್ಗೆ ಪಾಠದಲ್ಲಿ ಎಲ್ಲರ ಮುಂದೆ ನಂಗೆ ಹೇಳಿದ್ರು. ನಾನು ನಿಲ್ಲಿಸು ಅಂತ ಹಿಂಗೇ ನಿಂತಿದ್ದೆ, ಇವ್ರ ಎದುರಿಗೇ.” ಅವಳು ಎರಡೂ ತೋಳುಗಳನ್ನು ಉದ್ದಕ್ಕೆ ಚಾಚಿ ನಿಂತಳು. ಆ ತೋಳುಗಳನ್ನು ಚನ್ನಕೇಶವ ನೋಡದೆ ಇರಲಿಲ್ಲ. ಡ್ರಮ್ಮು ತಿರುಗುವಾಗ ಅವು ಕಣ್ಣೆದುರೇ ಇದ್ದವು. ಯಾರೋ ಹೆಂಗಸು ಕಣಕ್ಕೆ ಬಂದ ಕೋಳಿಗಳನ್ನು ಓಡಿಸುತ್ತಿದ್ದಾಳೆ ಎಂದುಕೊಂಡಿದ್ದ.