ಐಸಿನೊಳಗಿನ ಮೂರು ಸೀಸೆ

1988ರ ಏಪ್ರಿಲ್ 12, ಬೆಳಿಗ್ಗೆ ಎಂಟು ಗಂಟೆ. ರಾಯಚೂರು ಠಾಣೆಗೆ ಬಂದ ದೂರು ಚಿಕ್ಕದಾಗಿತ್ತು. ಬಸ್ ನಿಲ್ದಾಣದ ಚಹದಂಗಡಿಯಿಂದ ಬಿಳಿ ಥರ್ಮಾಕೋಲ್ ಪೆಟ್ಟಿಗೆಯೊಂದು ಕಳುವಾಗಿತ್ತು. ದೂರು ಕೊಟ್ಟವರು ಖಾಸಗಿ ಸಂಶೋಧನಾಲಯದ ಡಾ. ಅಯ್ಯಮ್ಮ. ಅವರ ಹಿಂದೆ ತಲೆ ತಗ್ಗಿಸಿ ನಿಂತವನು ಹೈದರಾಬಾದಿನಿಂದ ಪೆಟ್ಟಿಗೆ ತಂದಿದ್ದ ಅಟೆಂಡರ್ ಕುತುಬುದ್ದೀನ್.

"ಒಳಗೇನದರೀ?" ಇನ್ಸ್‌ಪೆಕ್ಟರ್ ಹನುಮಂತ್ರಾಯ ಕೇಳಿದರು.

"ಮೂರು ಸೀಸೆ ಪ್ರೋಟೀನ್. ನಮ್ಮ ಜೀವಕೋಶದ ಮೈಟೋಕಾಂಡ್ರಿಯಾದಾಗ ಇರೋದು. ಅದರ ಜೀನನ್ನ ಬ್ಯಾಕ್ಟೀರಿಯಾಕ್ಕ ಸೇರಿಸಿ ತಯಾರು ಮಾಡ್ಯಾರ. ಸಂಶೋಧನೆಗಷ್ಟ, ಔಷಧ ಅಲ್ಲ. ಐಸ್ ಕರಗಿದ್ರ ನಮ್ಮ ಎರಡು ವರ್ಷದ ಕೆಲಸ ನೀರಾಗ ಹೋತ್ರಿ."

ಇನ್ಸ್‌ಪೆಕ್ಟರರಿಗೆ ಪ್ರೋಟೀನು ಅಷ್ಟಕ್ಕಷ್ಟೇ, ಐಸು ಮಾತ್ರ ಚೆನ್ನಾಗಿ ಅರ್ಥವಾಯಿತು. ಏಪ್ರಿಲ್ ಬಿಸಿಲಿಗೆ ರಾಯಚೂರಿನಲ್ಲಿ ಮನುಷ್ಯರೇ ಕರಗುತ್ತಾರೆ. ಎಫ್‌ಐಆರ್ ಬರೆಯಲು ಹೇಳಿ ಅಟೆಂಡರನತ್ತ ತಿರುಗಿದರು.

"ಪೆಟ್ಟಿಗಿ ಬಗ್ಗೆ ಯಾರರ ಕೇಳಿದ್ರೇನು?"

"ಹೆಗಲಿಗೆ ಕಂಬಳಿ ಹಾಕ್ಕೊಂಡವ ಒಬ್ಬ, ಸೂಜಿ ಔಷಧದ್ದೇನು ಅಂದ. ಹೂಂ ಅಂದು ಚಹಾ ತರಾಕ ಹೋದೆ ಸಾಹೇಬ್ರ."

ಕಂಬಳಿಯವನು ಮಾನ್ವಿ ಬಸ್ಸು ಹತ್ತಿದ್ದನ್ನು ಚಹದಂಗಡಿಯವನು ನೋಡಿದ್ದ. ಡಾಕ್ಟರನ್ನೂ ಕೂರಿಸಿಕೊಂಡು ಜೀಪು ಹೊರಟಿತು.

ಮಾನ್ವಿಯಲ್ಲಿ ಐಸು ಮಾರುವ ಮೀರಾಹುಸೇನ ಹೇಳಿದ: "ಕಂಬಳಿಯವ ಒಬ್ಬ ಐಸ್ ತಗೊಂಡ ನೋಡ್ರೀ. ಶರಬತ್ತಿಗೇನು ಅಂದೆ, ಔಷಧಕ್ಕ ಅಂದ. ಬಿಳಿ ಪೆಟ್ಟಿಗ್ಯಾಗ ತುಂಬಿ ದೇವದುರ್ಗದ ಬಸ್ ಹತ್ತಿದ."

"ಹಂಗಾದ್ರ ಸೀಸೆ ಇನ್ನೂ ತಣ್ಣಗದಾವ," ಎಂದರು ಡಾ. ಅಯ್ಯಮ್ಮ.

"ಕಂಬಳಿಯವ ಕುರಿ ಕಾಯಾಂವ ಇರಬೇಕು. ಕುರಿ ಸೂಜಿ ಔಷಧ ಹಿಂಗ ಐಸಿನಾಗ ಬರ್ತದ್ರೀ," ಎಂದ ಕಾನ್‌ಸ್ಟೆಬಲ್ ಅಲ್ಲಾಬಕ್ಷ್. "ದೇವದುರ್ಗದ ದನದ ದವಾಖಾನಿಗೆ ಹೋಗೂಣು."

ದವಾಖಾನೆಯ ಕಾಂಪೌಂಡರ್ ಸೈಕಲ್ಲಿಗೆ ಚೀಲ ಕಟ್ಟುತ್ತಿದ್ದ. ಊರಾಚೆಯ ಕುರಿಹಟ್ಟಿಯ ಮಾಳಿಂಗಪ್ಪ ಎಲ್ಲಿಂದಲೋ ಲಸಿಕೆ ತಂದಿದ್ದಾನೆ, ಚುಚ್ಚಲು ಕರೆದು ಹೋಗಿದ್ದಾನೆ ಎಂದ. ಸೈಕಲ್ಲು ಅಲ್ಲೇ ಉಳಿಯಿತು, ಕಾಂಪೌಂಡರ್ ಜೀಪು ಹತ್ತಿದ.

ಹಟ್ಟಿಯ ಬೇವಿನ ನೆರಳಲ್ಲಿ ಮಾಳಿಂಗಪ್ಪ ಒದ್ದೆ ಕಂಬಳಿ ಹೊದಿಸಿದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹೆಂಡತಿ ಕರೆಮ್ಮ ಮೊದಲ ಕುರಿಯ ಕುತ್ತಿಗೆ ಹಿಡಿದು ಸಿದ್ಧಳಾಗಿದ್ದಳು. ಡಾ. ಅಯ್ಯಮ್ಮ ಮುಚ್ಚಳ ತೆಗೆದರು. ಐಸಿನ ನಡುವೆ ಮೂರೂ ಸೀಸೆ, ಸೀಲು ಒಡೆದಿರಲಿಲ್ಲ.

"ಕೆಟ್ಟಿಲ್ರೀ," ಎಂದು ಕಣ್ಣೊರೆಸಿಕೊಂಡರು.

ಪಂಚರನ್ನು ಕರೆಸಿ ಪಂಚನಾಮೆ ಬರೆಸಿದ್ದಾಯಿತು.

"ಕದ್ದ ಪೆಟ್ಟಿಗಿಗೆ ಐಸ್ ಯಾಕ ತುಂಬಿದಿ?" ಇನ್ಸ್‌ಪೆಕ್ಟರ್ ಮಾಳಿಂಗಪ್ಪನನ್ನು ಕೇಳಿದರು.

"ಔಷಧ ಕೆಡಬಾರದಲ್ರೀ ಯಪ್ಪಾ. ದವಾಖಾನಿಯಾಗ ಮುಂದಿನ ವಾರ ಬರ್ತದ ಅಂದ್ರು. ದಿನಾ ಒಂದೊಂದು ಸಾಯಾಕತ್ತಾವ, ವಾರ ತಡೀತಾವೇನ್ರೀ?"

ಅದು ಕುರಿಗಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದರು. ಮಾಳಿಂಗಪ್ಪ ಹಿಂಡಿನ ಕಡೆ ನೋಡಿದ. "ಚುಚ್ಚಲಿಲ್ಲಲ್ಲ, ಪುಣ್ಯ," ಎಂದು ತಾನೇ ಹೋಗಿ ಜೀಪು ಹತ್ತಿದ. ಕಾನೂನು ಕಾನೂನೇ, ದಸ್ತಗಿರಿ ಆಗಲೇಬೇಕಿತ್ತು. ಆದರೂ ಕೈಗೆ ಬೇಡಿ ತೊಡಿಸಲು ಹನುಮಂತ್ರಾಯರಿಗೆ ಮನಸ್ಸಾಗಲಿಲ್ಲ.

"ರಾಯಚೂರಿನಾಗ ಕುರಿ ಲಸಿಕಿ ಸಿಕ್ಕ ಸಿಗ್ತದ," ಎಂದರು ಡಾ. ಅಯ್ಯಮ್ಮ ಕರೆಮ್ಮನಿಗೆ. "ನಾಳೆ ನಾನ ತರ್ತೀನಿ."

ಜೀಪಿನೊಳಗಿಂದ ಮಾಳಿಂಗಪ್ಪ ಕತ್ತು ಹೊರಹಾಕಿದ.

"ತರೂವಾಗ ಮಾನ್ವಿಯಾಗ ಐಸ್ ಬದಲ್ ಮಾಡ್ರಿ ಯವ್ವಾ, ಮರೀಬ್ಯಾಡ್ರಿ."