ಬಾವಿಗೆ ಬಿದ್ದ ಆನೆಮರಿ ಮತ್ತು ಒಂದು ನಿಮಿಷದ ರೀಲ್

"ಮಾನ್ಯ ಅಧ್ಯಕ್ಷರೇ, ಗೌರವಾನ್ವಿತ ತೀರ್ಪುಗಾರರೇ, ನನ್ನ ಪ್ರೀತಿಯ ಗುರುಗಳೇ ಹಾಗೂ ನೆಚ್ಚಿನ ಸಹಪಾಠಿಗಳೇ..."

"ಕಟ್, ಕಟ್!" ಸರಸಕ್ಕ ಮೊಬೈಲ್ ಕೆಳಗಿಳಿಸಿದರು. "ಎಂತ ಮಾರಾಯ್ತಿ! ಇಲ್ಲಿ ಅಧ್ಯಕ್ಷರು ಎಲ್ಲಿದ್ದಾರೆ?"

ತೃಷಾ ಸುತ್ತ ನೋಡಿದಳು. ಊರಿನ ಆ ಪುಟ್ಟ ಲೈಬ್ರರಿಯಲ್ಲಿ ಇದ್ದದ್ದು ನಾಲ್ಕು ಕಪಾಟು, ಎರಡು ಬೆಂಚು, ಕಿರ್ರೆನ್ನುವ ಒಂದು ಫ್ಯಾನು. ಆದರೆ ಅವಳಾದರೂ ಏನು ಮಾಡಿಯಾಳು? ಭಾಷಣ ಸ್ಪರ್ಧೆಯಲ್ಲಿ ಮೂರು ಸಲ ಫಸ್ಟ್ ಬಂದ ಹುಡುಗಿ. ಎದುರಿಗೆ ಮೈಕ್ ಇರಲಿ, ಮೊಬೈಲ್ ಇರಲಿ, ಬಾಯಿ ತಾನಾಗಿಯೇ ಅಧ್ಯಕ್ಷರನ್ನು ಕರೆಯುತ್ತಿತ್ತು.

ಲೈಬ್ರರಿ ನೋಡಿಕೊಳ್ಳುವ ಸರಸಕ್ಕ ಅದಕ್ಕೊಂದು ಇನ್‌ಸ್ಟಾಗ್ರಾಮ್ ಪೇಜ್ ಮಾಡಿದ್ದರು. ಹೊಸ ಪುಸ್ತಕಗಳ ಫೋಟೋ ಹಾಕಿದರೆ ಬರುತ್ತಿದ್ದದ್ದು ಆರು ಲೈಕು, ಅದರಲ್ಲಿ ಒಂದು ಅವರದ್ದೇ! ಈಗ ಪಂಚಾಯತಿನವರು ಬೇರೆ ಹೇಳಿಬಿಟ್ಟಿದ್ದರು, ಬರುವ ಭಾನುವಾರ ಇಪ್ಪತ್ತು ಜನ ಬಾರದಿದ್ದರೆ ಇನ್ನು ಮುಂದೆ ಭಾನುವಾರ ಲೈಬ್ರರಿಗೆ ರಜೆ ಎಂದು.

ತೃಷಾಳಿಗೆ ಲೈಬ್ರರಿಗೆ ಬರಲು ಇದ್ದದ್ದೇ ಭಾನುವಾರ, ಇವತ್ತಿನ ಹಾಗೆ. ಉಳಿದ ದಿನ ಅವಳು ಮೂಡಬಿದಿರೆಯ ಶಾಲೆಯಿಂದ ಬಸ್ಸಿನಲ್ಲಿ ಬಂದಿಳಿಯುವಾಗ ಲೈಬ್ರರಿಗೆ ಬೀಗ ಬಿದ್ದಿರುತ್ತಿತ್ತು.

"ಒಂದೇ ನಿಮಿಷದ ರೀಲ್. ಜನ ಬರುವ ಹಾಗೆ, ನೀನು ಓದಿದ ಒಂದು ಪುಸ್ತಕದ ಕತೆ ಹೇಳು, ಸಾಕು," ಎಂದರು ಸರಸಕ್ಕ. "ಮನೆಯಲ್ಲಿ ಯಾರಿಗಾದರೂ ಹೇಳಿದ್ದೀಯಾ?"

"ಅಜ್ಜಿಗೆ. ಅವರು ಬೀಡಿ ಕಟ್ಟುವಾಗ ಹೇಳ್ತೇನೆ. ತುಳುವಿನಲ್ಲಿ. ಅಜ್ಜಿಗೆ ಓದಲಿಕ್ಕೆ ಬರುವುದಿಲ್ಲ."

"ಹಾಗಾದರೆ ಈ ಮೊಬೈಲೇ ನಿನ್ನ ಅಜ್ಜಿ ಅಂತ ಎಣಿಸು."

ತೃಷಾಳಿಗೆ ನಗು ಬಂತು. ಅವಳು ಬೆಂಚಿನ ಮೇಲೆ ಚಕ್ಕಳಮಕ್ಕಳ ಕೂತು ತುಳುವಿನಲ್ಲಿ ಶುರುಮಾಡಿದಳು. ಆನೆಮರಿ ಬಾವಿಗೆ ಬಿತ್ತು. ಊರಿನವರು ಓಡಿ ಬಂದರು. ಹಗ್ಗ ಇಳಿಸಿದರು. ಎಳೆದರು, ಎಳೆದರು, ಅಯ್ಯೋ, ಹಗ್ಗ ಪಟ್ಟೆಂದು...

"ನಿಮಿಷ ಆಯಿತು!" ಎಂದರು ಸರಸಕ್ಕ.

"ಕತೆ ಮುಗಿಯಲಿಲ್ಲ, ಸರಸಕ್ಕ!"

"ಮುಗಿಯದಿದ್ದದ್ದೇ ಒಳ್ಳೆಯದಾಯಿತು. ಉಳಿದದ್ದು ಬರುವ ಭಾನುವಾರ ನಾಲ್ಕು ಗಂಟೆಗೆ, ಲೈಬ್ರರಿಯಲ್ಲಿ ಅಂತ ಬರೆದು ಹಾಕುವ."

ಎರಡೇ ದಿನದಲ್ಲಿ ರೀಲ್ ಊರಿನ ವಾಟ್ಸಾಪ್ ಗ್ರೂಪುಗಳಿಗೆಲ್ಲ ಹೋಯಿತು. ಪಕ್ಕದ ಮನೆಯ ನಬೀಸಕ್ಕ ಮೊಬೈಲ್ ಹಿಡಿದುಕೊಂಡೇ ಬಂದರು. "ಸೇಸಮ್ಮಕ್ಕ, ನೀವು ಈ ಕತೆ ಕೇಳಿದ್ದೀರಲ್ಲ? ಆನೆಮರಿ ಬದುಕಿತಾ ಇಲ್ಲವಾ? ಅಷ್ಟು ಹೇಳಿ!"

ತೃಷಾಳ ಅಜ್ಜಿ ಬೀಡಿ ಎಲೆ ಕತ್ತರಿಸುತ್ತಾ ತಲೆ ಎತ್ತಲೇ ಇಲ್ಲ. "ನನಗೆ ಗೊತ್ತುಂಟು. ಆದರೆ ಹೇಳುವುದಿಲ್ಲ. ನನ್ನ ಪುಳ್ಳಿ ತೃಷಾ ಹೇಳ್ತಾಳೆ, ಲೈಬ್ರರಿಗೆ ಬಂದು ಕೇಳಿ."

ಬೀಡಿ ಕೊಡಲು ಹೋದಲ್ಲಿ, ಹಾಲಿನ ಡೈರಿಯಲ್ಲಿ, ಯಾರು ಕೇಳಿದರೂ ಅಜ್ಜಿಯದ್ದು ಅದೇ ಉತ್ತರ.

ಭಾನುವಾರ ನಾಲ್ಕು ಗಂಟೆಗೆ ಬಂದವರು ಐದೇ ಮಕ್ಕಳು. ನಾಲ್ಕು ಹತ್ತಾಯಿತು. ತೃಷಾ ಬಾಗಿಲಿಗೂ ಕಪಾಟಿಗೂ ಓಡಾಡಿದಳು.

ಆಗ ರಸ್ತೆಯ ತಿರುವಿನಲ್ಲಿ ಮಾತು ಕೇಳಿತು. ಬೀಡಿ ಎಲೆ ತುಂಬಿದ ಗೆರಸೆಗಳನ್ನು ಸೊಂಟಕ್ಕಿಟ್ಟುಕೊಂಡು ಹೆಂಗಸರ ಒಂದು ಗುಂಪೇ ಬರುತ್ತಿತ್ತು. ನಬೀಸಕ್ಕ, ಅವರ ಮಗಳು ಸಾಲಿಹಾ, ಹಿಂದೆ ಮಕ್ಕಳ ದಂಡು. ಎಲ್ಲರಿಗಿಂತ ಮುಂದೆ ಅಜ್ಜಿ! ಮದುವೆಗೆ ಮಾತ್ರ ಉಡುವ ನೇರಳೆ ಸೀರೆ ಉಟ್ಟಿದ್ದರು.

"ನಿಮಗೆ ಕತೆ ಗೊತ್ತುಂಟಲ್ಲ, ಅಜ್ಜಿ?" ಎಂದಳು ತೃಷಾ.

"ಗೊತ್ತುಂಟು. ಆದರೆ ನೀನು ಇಷ್ಟು ಜನರಿಗೆ ಹೇಳುವುದನ್ನು ನಾನು ನೋಡಿಲ್ಲವಲ್ಲ!"

ಬಂದವರ ಹೆಸರನ್ನು ತೃಷಾಳೇ ರಿಜಿಸ್ಟರಿನಲ್ಲಿ ಬರೆದಳು. ಇಪ್ಪತ್ತಲ್ಲ, ಇಪ್ಪತ್ತೆಂಟು! 'ಓದುಗರ ಹೆಸರು' ಎಂಬಲ್ಲಿ 'ಸೇಸಮ್ಮ' ಎಂದು ಎಲ್ಲಕ್ಕಿಂತ ಚಂದದ ಅಕ್ಷರದಲ್ಲಿ ಬರೆದು, ಅಜ್ಜಿಗೆ ಬೆರಳಿಟ್ಟು ತೋರಿಸಿದಳು. ಅಜ್ಜಿ ಅದನ್ನು ಬಹಳ ಹೊತ್ತು ನೋಡಿದರು.

ಸರಸಕ್ಕ ಮೊಬೈಲ್ ಎತ್ತಿದರು. ತೃಷಾ ಎದ್ದು ನಿಂತಳು. ರೂಢಿಯಂತೆ ಕೈ ಜೋಡಿಸಿದಳು, 'ಮಾನ್ಯ' ಎಂಬ ಮಾತು ನಾಲಗೆಯ ತುದಿಗೆ ಬಂತು. ಮುಂದಿನ ಬೆಂಚಿನಲ್ಲಿ ಅಜ್ಜಿ ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು.

ತೃಷಾ ಕೈ ಇಳಿಸಿ, ಅಜ್ಜಿಯ ಎದುರು ನೆಲದಲ್ಲೇ ಕೂತಳು.

"ಅಜ್ಜೀ," ಎಂದಳು, "ಆ ಹಗ್ಗ ಉಂಟಲ್ಲ..."