‘ಸಾರಿ’ಗೆ ಇನ್ನೊಂದು ಅರ್ಥ

"ನೀವಂದ್ರೆ ನನಗೆ ಇಷ್ಟ... ಬರೀ ಇಷ್ಟ ಅಲ್ಲ, ತುಂಬಾ."

ಲೇತ್ ಯಂತ್ರದ ಕಿರುಚಾಟದ ನಡುವೆ ಅವಳು ಹೇಳಿಯೇಬಿಟ್ಟಳು. ಅವನು ಯಂತ್ರ ನಿಲ್ಲಿಸುವವರೆಗೂ ಕಾಯಲಿಲ್ಲ. ಕಾದರೆ ಧೈರ್ಯ ಕೈಕೊಡುತ್ತಿತ್ತು.

ಅವನು ತಲೆ ಎತ್ತಿದ.

"ಸಾರಿ" ಎಂದ.

ಅಷ್ಟೇ. ಅವಳ ಕಣ್ಣು ತುಂಬಿಬಂತು. ತಿರುಗಿ ನೋಡದೆ ಮೆಟ್ಟಿಲು ಹತ್ತಿದಳು.

ಅವಳು ಮೇಲಿನ ಮಹಡಿಯಲ್ಲಿ ದುಡಿಯುವವರಿಗೆ ಇಂಗ್ಲಿಷ್ ಕಲಿಸುವ ಟೀಚರ್. ಅವನು ಕೆಳಗೆ ಕಬ್ಬಿಣದ ಬಿಡಿಭಾಗ ಕಡೆಯುವ ಲೇತ್ ಅಂಗಡಿಯವನು. ಪರಿಚಯವಾದದ್ದೇ ಜಗಳದಿಂದ.

"ಪಾಠದ ಹೊತ್ತಲ್ಲಿ ಮಿಷಿನ್ ಹಾಕ್ಬೇಡಿ ಅಂತ ಎಷ್ಟು ಸಾರಿ ಹೇಳೋದ್ರೀ?"

"ಸಾರಿ ಮೇಡಂ."

"ಎಷ್ಟು ಸಾರಿ ಸಾರಿ ಕೇಳ್ತೀರಿ?"

"ನೀವು ಕೆಳಗೆ ಬಂದಷ್ಟು ಸಾರಿ."

ಆಮೇಲೆ ಸದ್ದಿಲ್ಲದ ದಿನವೂ ದೂರು ಹೇಳುವ ನೆಪದಲ್ಲಿ ಅವಳು ಇಳಿದು ಬರುತ್ತಿದ್ದಳು. ಯಂತ್ರ ಓಡುತ್ತಿದ್ದರೆ ಅವನು ಕೂಡಲೇ ನಿಲ್ಲಿಸಿ, ಕೈಯೊರೆಸಿಕೊಂಡು ನಗುತ್ತಿದ್ದ.

ಆ ನಗುವಿಗೆ ಇಲ್ಲದ ಅರ್ಥ ಕಟ್ಟಿದ್ದು ನಾನೇನಾ...

ಒಂದು ವಾರ ಅವಳು ಹಿಂದಿನ ಮೆಟ್ಟಿಲಿನಿಂದಲೇ ಓಡಾಡಿದಳು.

ಆಮೇಲೊಂದು ದಿನದ ಪಾಠದಲ್ಲಿ ಬಂದದ್ದೂ ಅದೇ ಪದ! ಬೋರ್ಡಿನ ಮೇಲೆ ಬರೆಯುವಾಗ ಸೀಮೆಸುಣ್ಣ ಮುರಿಯಿತು.

"‘ಸಾರಿ’ ಮೊದಲು ಕ್ಷಮೆಯ ಪದ ಆಗಿರ್ಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ನೋವು’ ಅನ್ನೋ ಪದದಿಂದ ಹುಟ್ಟಿದ್ದು. ನೊಂದಿದ್ದೀನಿ ಅಂತ ಅರ್ಥ. ಯಾರಾದ್ರೂ ತೀರಿಕೊಂಡಾಗ ಸಾರಿ ಅಂತೀವಲ್ಲ, ಅಲ್ಲಿ ಇನ್ನೂ ಆ ಅರ್ಥ ಉಳಿದಿದೆ. ಕ್ಷಮೆ ಆಮೇಲೆ ಬಂದದ್ದು."

ಬಸ್ ಕಂಡಕ್ಟರ್ ಕೈ ಎತ್ತಿದ. "ಮೇಡಂ, ಬಸ್ಸಲ್ಲಿ ಗಲಾಟೆ ಇರುತ್ತೆ. ಯಾರು ಎಲ್ಲಿಗೆ ಟಿಕೆಟ್ ಕೇಳಿದ್ರೋ ಗೊತ್ತಾಗಲ್ಲ. ಆಗ ‘ಸಾರಿ?’ ಅಂತೀನಿ. ನಾನು ಯಾಕೆ ಕ್ಷಮೆ ಕೇಳ್ಬೇಕು? ಮೆತ್ತಗೆ ಮಾತಾಡಿದ್ದು ಅವರಲ್ವಾ?"

ಎಲ್ಲರೂ ನಕ್ಕರು.

"ಅದು ಕ್ಷಮೆಯಲ್ಲ. ಏನಂದ್ರಿ, ಇನ್ನೊಂದು ಸಾರಿ ಹೇಳಿ ಅಂತ..."

ಅವಳ ಮಾತು ಅಲ್ಲಿಗೇ ನಿಂತಿತು.

ಅವತ್ತು ಯಂತ್ರ ಓಡುತ್ತಿತ್ತು. ಆ ಕರ್ಕಶದಲ್ಲಿ ಪ್ರಶ್ನೆಯ ದನಿ ಹೇಗೆ ಗೊತ್ತಾಗಬೇಕು?

ಆಗಲೇ ಅವಳಿಗೆ ಇನ್ನೊಂದು ವಿಷಯ ಹೊಳೆಯಿತು. ಬೆಳಗಿನಿಂದ ಕೆಳಗೆ ಯಂತ್ರದ ಸದ್ದೇ ಇರಲಿಲ್ಲ.

"ಲೇತ್ ಅಂಗಡಿ ಯಾಕೆ..."

"ಖಾಲಿ ಮಾಡ್ತಿದಾರಲ್ಲ, ಗೊತ್ತಿಲ್ವಾ ಟೀಚರ್?" ಎಂದಳು ಟೈಲರ್ ಅಕ್ಕ. "ಮಿಷಿನ್ ಏರಿಸಿ ಆಯ್ತು. ಲಾರಿ ಇನ್ನೇನು ಹೊರಡುತ್ತೆ."

ಅವಳು ಸೀಮೆಸುಣ್ಣ ಹಿಡಿದುಕೊಂಡೇ ಓಡಿದಳು.

ಎಂಜಿನ್ ಶುರುವಾಗಿತ್ತು. ಅವನು ಡ್ರೈವರ್ ಪಕ್ಕದ ಸೀಟು ಹತ್ತುತ್ತಿದ್ದ.

"ನಿಲ್ಸ್ರೀ!"

ಅವನು ಕೆಳಗಿಳಿದ. ಡ್ರೈವರ್ ಗೊಣಗುತ್ತ ಎಂಜಿನ್ ಆರಿಸಿದ.

"ಅವತ್ತು ನಾನೇನು ಹೇಳ್ದೆ ಗೊತ್ತಾ?"

"ಇಲ್ಲ ಮೇಡಂ. ಕಿವೀಲಿ ಹತ್ತಿ ಇತ್ತು. ಏನಂದ್ರಿ ಅಂತ ಕೇಳ್ದೆ, ನೀವು ಅಳ್ತಾ ಹೋಗ್ಬಿಟ್ರಿ. ನನ್ನ ಸದ್ದಿಂದ ಇಷ್ಟು ತೊಂದ್ರೆ ಆಗಿದೆ ಅಂತ ಅವತ್ತೇ ಗೊತ್ತಾಗಿದ್ದು. ಅದಕ್ಕೇ ಊರಾಚೆ ಜಾಗ ನೋಡಿದೆ."

"ಒಂದು ಮಾತು ಕೇಳೋಕಾಗ್ಲಿಲ್ವಾ?"

"ನೀವು ಹಿಂದಿನ ಮೆಟ್ಟಿಲು ಹಿಡಿದ್ರಲ್ಲ."

ಬೀದಿ ಸ್ತಬ್ಧವಾಗಿತ್ತು. ಮೇಲಿನ ಕಿಟಕಿಯಲ್ಲಿ ಇಡೀ ಕ್ಲಾಸು ನಿಂತಿತ್ತು. ಈಗ ಮಾತನ್ನು ಮುಚ್ಚಲು ಯಾವ ಯಂತ್ರವೂ ಇಲ್ಲ. ಅವನು ಇಲ್ಲ ಎಂದರೆ ಎಲ್ಲರಿಗೂ ಕೇಳಿಸುತ್ತದೆ...

ಅವಳು ಹತ್ತಿರ ಹೋಗಿ ಹೇಳಿದಳು.

"ನೀವಂದ್ರೆ ನನಗೆ ತುಂಬಾ ಇಷ್ಟ."

ಅವನು ಡ್ರೈವರ್ ಕಡೆ ತಿರುಗಿದ. "ಅಣ್ಣಾ, ಮಿಷಿನ್ ಇಳಿಸೋಣ."

"ಈಗ ತಾನೇ ಬೆನ್ನು ಮುರ್ಕೊಂಡು ಏರ್ಸಿದ್ವಲ್ಲಪ್ಪಾ!"

ಅವನು ಅವಳ ಕಡೆ ಬಾಗಿದ.

"ಸಾರಿ?"

ಅವಳ ಮುಖ ಬಿಳಿಚಿಕೊಂಡಿತು. "ಈಗಲೂ ಕೇಳಿಸ್ಲಿಲ್ವಾ?"

"ಚೆನ್ನಾಗೇ ಕೇಳಿಸ್ತು," ಎಂದ ಅವನು ಮೆಲ್ಲಗೆ. "ಇನ್ನೊಂದು ಸಾರಿ ಕೇಳೋ ಆಸೆ."